ಅತ್ತೆಗೆ ಕಿವಿ ಕೇಳದ ವಾರ

ನನ್ನ ವಾರಗಿತ್ತಿ ಕಂಪ್ಯೂಟರ್ ರಿಪೇರಿ ಮಾಡುತ್ತಾಳೆ ಎಂದರೆ ಜನ ಮೊದಲು ನಗುತ್ತಾರೆ, ಆಮೇಲೆ ತಮ್ಮ ಮನೆಯಲ್ಲಿ ಕೆಟ್ಟು ಕೂತ ಲ್ಯಾಪ್‌ಟಾಪಿನ ಸುದ್ದಿ ತೆಗೆಯುತ್ತಾರೆ. ನನಗೆ ಇದು ಅಭ್ಯಾಸವಾಗಿಬಿಟ್ಟಿದೆ. ಅಣ್ಣತಮ್ಮಂದಿರನ್ನು ಮದುವೆಯಾಗಿ ಒಂದೇ ಮನೆಗೆ ಬಂದವರು ನಾವು. ಅವಳು ದೊಡ್ಡ ಸೊಸೆ, ನಾನು ಚಿಕ್ಕವಳು. ನಾನು ಅವಳನ್ನು ಅಕ್ಕ ಅನ್ನುತ್ತೇನೆ. ನಮ್ಮ ಗಂಡಂದಿರಿಬ್ಬರೂ ದೂರದ ಊರುಗಳಿಗೆ ಲಾರಿ ಓಡಿಸುವವರು, ಮನೆಗೆ ಬಂದರೆ ನೆಂಟರ ಹಾಗೆ ಬರುತ್ತಾರೆ. ಹಾಗಾಗಿ ಮನೆಯೆಂದರೆ ನಾವಿಬ್ಬರು ಮತ್ತು ಅತ್ತೆ, ಅಷ್ಟೇ.

ಸ್ಕೂಟರ್ ನಿಲ್ಲಿಸಲು ಕಟ್ಟಿದ್ದ ಮುಂದಿನ ಕೋಣೆಗೆ ಷಟರ್ ಹಾಕಿಸಿ ಅಕ್ಕ ಅಂಗಡಿ ಮಾಡಿಕೊಂಡಿದ್ದಾಳೆ. ಮದುವೆಗೆ ಮುಂಚೆ ಯಾವುದೋ ಆಫೀಸಿನಲ್ಲಿ ಟೈಪ್ ಮಾಡುತ್ತಿದ್ದಳಂತೆ. ಅಲ್ಲಿ ಕಂಪ್ಯೂಟರ್ ಕೆಟ್ಟಾಗಲೆಲ್ಲ ರಿಪೇರಿಯವನು ಬರುವ ತನಕ ಕೈಕಟ್ಟಿ ಕೂರಬೇಕಿತ್ತು. ಅವನ ಹಿಂದೆ ನಿಂತು ನೋಡಿ ನೋಡಿಯೇ ಕಲಿತಳು. ಕಲಿಯುವ ಆಸೆಯೇನೂ ಇರಲಿಲ್ಲ, ಅವನು ಬರುವುದು ತಡವಾಗುತ್ತಿತ್ತು ಅಷ್ಟೆ, ಎನ್ನುತ್ತಾಳೆ. ಅವಳ ಬದುಕಿನ ಮುಖ್ಯ ನಿರ್ಧಾರಗಳೆಲ್ಲ ಹೀಗೇ, ಕಾದು ಕಾದು ಬೇಸತ್ತು ತೆಗೆದುಕೊಂಡವು. ನಮ್ಮ ಭಾವನವರನ್ನು ಮದುವೆಯಾದದ್ದೂ ಹಾಗೇನಾ ಎಂದು ಒಮ್ಮೆ ಕೇಳಿದೆ. ಬೈಯಲಿಲ್ಲ, ಸ್ವಲ್ಪ ಹೊತ್ತು ಯೋಚನೆ ಮಾಡಿದಳು.

ಗಿರಾಕಿಗಳ ಜೊತೆ ಮಾತಾಡುವುದು ನನ್ನ ಪಾಲಿನ ಕೆಲಸ. ಅದಕ್ಕೆ ಕಾರಣವಿದೆ. ಮಕ್ಕಳ ಫೋಟೋ ಹೋಯಿತೇನೋ ಎಂದು ಉಸಿರು ಬಿಗಿಹಿಡಿದು ಬಂದವರಿಗೆ ಅಕ್ಕ "ಹೋಯ್ತು" ಎಂದು ಒಂದೇ ಮಾತಿನಲ್ಲಿ ಹೇಳಿ, ಮುಂದಿನ ಪೆಟ್ಟಿಗೆಯ ಸ್ಕ್ರೂ ಬಿಚ್ಚತೊಡಗುತ್ತಾಳೆ. ನಾನಾದರೆ ಅದನ್ನೇ ಸುತ್ತಿ ಬಳಸಿ ಹೇಳಿ, ಒಂದು ಲೋಟ ನೀರು ಕೊಟ್ಟು ಕಳಿಸುತ್ತೇನೆ. ಅವಳಿಗೆ ಮನುಷ್ಯರ ಮೇಲೆ ಸಿಟ್ಟೇನಿಲ್ಲ. ದಣಿವು. ಅವಳ ದಣಿವು ಬಂದು ಹೋಗುವಂಥದ್ದಲ್ಲ, ಮೈಗೆ ಅಂಟಿಕೊಂಡದ್ದು. ಬೆಳಿಗ್ಗೆ ಎದ್ದಾಗಲೂ ಆಗ ತಾನೇ ಕೆಲಸ ಮುಗಿಸಿ ಬಂದವಳ ಮುಖ. ಹೇಗಿದ್ದೀರಿ ಎಂದು ಯಾರಾದರೂ ಕೇಳಿದರೆ "ಇದ್ದೀನಿ" ಅನ್ನುತ್ತಾಳೆ, ಅದನ್ನೂ ಖಚಿತವಿಲ್ಲದ ದನಿಯಲ್ಲಿ.

ಕೆಲಸದಲ್ಲಿ ಮಾತ್ರ ಅವಳದೊಂದು ಕಟ್ಟುನಿಟ್ಟು. ಕೆಡುತ್ತಿರುವ ಹಾರ್ಡ್ ಡಿಸ್ಕ್ ಬಂದರೆ ಅದರ ಮೇಲೆ ಕೈ ಮಾಡುವುದಿಲ್ಲ. ಮೊದಲು ಅದರಲ್ಲಿರುವುದನ್ನೆಲ್ಲ ಇದ್ದದ್ದು ಇದ್ದ ಹಾಗೆ ಹೊಸ ಡಿಸ್ಕಿಗೆ ನಕಲು ಮಾಡಿಕೊಳ್ಳುತ್ತಾಳೆ. ನಂತರ ಹಳೆಯದರ ವೈರು ಕಿತ್ತು, ಬಟ್ಟೆಯಲ್ಲಿ ಸುತ್ತಿ ಡ್ರಾಯರಿನಲ್ಲಿ ಮಲಗಿಸಿ, ರಿಪೇರಿಯೆಲ್ಲ ನಕಲಿನ ಮೇಲೆಯೇ. ಹಳೆಯದನ್ನೇ ಸರಿಮಾಡಿದರೆ ಏನಾಗುತ್ತದೆ ಎಂದು ಶುರುವಿನಲ್ಲಿ ನಾನು ಕೇಳಿದ್ದೆ. "ಸಾಯ್ತಿರೋರನ್ನ ಎಬ್ಬಿಸಿ ಕೂರಿಸಿ ಕೆಲಸ ಹೇಳ್ತಾರೇನೆ?" ಎಂದಿದ್ದಳು.

ಇನ್ನು ಅತ್ತೆ. ಅತ್ತೆಗೆ ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿಗೆ ಮಿಷನ್. ಬಹಳ ಹಳೆಯ ಮಿಷನ್, ಅದನ್ನು ಮಾಡಿದ ಕಂಪನಿ ಎಂದೋ ಬಾಗಿಲು ಹಾಕಿಕೊಂಡಿದೆ. ಮಾತು ಮಾತ್ರ ಕಿವಿಯ ಜೊತೆ ಹೋಗಲಿಲ್ಲ, ಇನ್ನೂ ಜೋರಾಯಿತು. ಅಡುಗೆಮನೆಯಲ್ಲಿ ನಿಂತು ನನ್ನನ್ನು ಬೈದರೆ ಬೀದಿಯ ಕೊನೆಯ ಮನೆಯವರು ಸಂಜೆ ನನಗೆ ಸಮಾಧಾನ ಹೇಳುತ್ತಿದ್ದರು. ಮಧ್ಯಾಹ್ನ ಊಟವಾದ ಮೇಲೆ ಅತ್ತೆ ತಮ್ಮ ಕೋಣೆಯ ಬಾಗಿಲು ಹಾಕಿಕೊಂಡು ಅಕ್ಕನಿಗೆ, ಅಂದರೆ ನಾವು ದೊಡ್ಡಮ್ಮ ಎನ್ನುವ ಅವರ ಒಡಹುಟ್ಟಿದ ಅಕ್ಕನಿಗೆ, ಫೋನ್ ಮಾಡುತ್ತಿದ್ದರು. ಆ ಹೊತ್ತು ನನಗೆ ಸ್ವರ್ಗ. ಒಳಗೆ ಏನು ಮಾತು ನಡೆಯುತ್ತದೆ ಎಂದು ಒಂದು ದಿನವೂ ಕಿವಿಗೊಟ್ಟವಳಲ್ಲ.

ಆ ದೊಡ್ಡಮ್ಮನಿಗೆ ಕೆಲವು ತಿಂಗಳಿಂದ ದನಿ ಒಡೆದಿತ್ತು. ನೆಗಡಿ ಎಂದರು, ಧೂಳು ಎಂದರು, ಕೊನೆಗೆ ಗಂಟಲಲ್ಲಿ ಗಡ್ಡೆ ಎಂದರು. ಜೀವ ಉಳಿಯಬೇಕಾದರೆ ದನಿಪೆಟ್ಟಿಗೆಯನ್ನೇ ತೆಗೆಯಬೇಕು, ಶುಕ್ರವಾರ ಬೆಳಿಗ್ಗೆ ಆಪರೇಷನ್ ಎಂದು ಗೊತ್ತಾಯಿತು. ಆಪರೇಷನ್ ಆದ ಮೇಲೆ ಅವರಿಗೆ ಮಾತಿಲ್ಲ. ಅವರಿದ್ದದ್ದು ಬೇರೆ ಊರಿನಲ್ಲಿ, ಮಗನ ಮನೆಯಲ್ಲಿ. ಅಷ್ಟು ದೂರ ಕೂತು ಹೋಗುವ ಸೊಂಟ ಅತ್ತೆಗೆ ಉಳಿದಿರಲಿಲ್ಲ. ಉಳಿದದ್ದು ಫೋನು, ಅದೂ ಶುಕ್ರವಾರದ ತನಕ.

ಒಡೆದ ದನಿ ಸರಿಯಾಗಿ ಕೇಳುತ್ತಿಲ್ಲ ಎಂದು ಅತ್ತೆ ಸೋಮವಾರ ಬೆಳಿಗ್ಗೆ ಯಾರಿಗೂ ಹೇಳದೆ ಕಿವಿಯವರ ಅಂಗಡಿಗೆ ನಡೆದರು. ಕಿವಿಯವರು ಎಂದರೆ ಎರಡು ಬೀದಿ ಆಚೆ ಕಿವಿ ಮಿಷನ್ ಮಾರಿ, ಹೊಂದಿಸಿಕೊಡುವ ವಯಸ್ಸಾದವರು. ನಾವು ಇಟ್ಟ ಹೆಸರು ಅದು. ಮಿಷನ್ನಿಗೆ ವೈರು ಚುಚ್ಚಿ, ಕಂಪ್ಯೂಟರಿನಲ್ಲಿ ಹೆಚ್ಚು ಕಡಿಮೆ ಮಾಡಿ, ಹೊಸ ಹೊಂದಾಣಿಕೆಯನ್ನು ಅದರೊಳಗೆ ಬರೆಯುವುದು ಅವರ ಕೆಲಸ. ಸ್ವಲ್ಪ ಏರಿಸಿಕೊಡಿ ಎಂದು ಅತ್ತೆ ಕೇಳಿದ್ದರು. ಅವರು ಏರಿಸಿದರು, ಬರೆಯಲು ಗುಂಡಿ ಒತ್ತಿದರು, ಅರ್ಧ ಬರೆಯುವಷ್ಟರಲ್ಲಿ ಕಂಪ್ಯೂಟರ್ ಕಲ್ಲಾಯಿತು.

ಮಧ್ಯಾಹ್ನ ಅವರು ಆ ಕಂಪ್ಯೂಟರನ್ನು ಹಸುಗೂಸಿನ ಹಾಗೆ ಎರಡೂ ಕೈಯಲ್ಲಿ ಎತ್ತಿಕೊಂಡು ನಮ್ಮ ಅಂಗಡಿಗೆ ಬಂದರು. ಹಿಂದೆ ಅತ್ತೆ, ಬರಿಗಿವಿಯಲ್ಲಿ.

"ಅಮ್ಮಾ, ಹಳೇದು ಅಳಿಸಿತು, ಹೊಸದು ಹೋಗಲಿಲ್ಲ. ಇವರ ಮಿಷನ್ ಈಗ ಬರೀ ಪ್ಲಾಸ್ಟಿಕ್ಕು," ಎಂದರು ಅಕ್ಕನಿಗೆ.

ಬೇರೆ ಮಿಷನ್ ಕೊಟ್ಟು ನೋಡಲಿಲ್ಲವೇ ಎಂದು ನಾನು ದಬಾಯಿಸಿದೆ. ಕೊಟ್ಟಿದ್ದರಂತೆ. ಹಾಕಿಕೊಂಡ ತಕ್ಷಣ ಅತ್ತೆ ಕಿತ್ತು ಮೇಜಿನ ಮೇಲಿಟ್ಟರಂತೆ. ಚಮಚ ಬಿದ್ದರೆ ತಲೆಯೊಳಗೆ ಬಿದ್ದ ಹಾಗೆ, ಮನುಷ್ಯರ ದನಿಯೆಲ್ಲ ಡಬ್ಬದೊಳಗಿಂದ ಬಂದ ಹಾಗೆ. ಇಷ್ಟು ವರ್ಷ ಒಂದೇ ಮಿಷನ್ನಿನಲ್ಲಿ ಕೇಳಿದವರಿಗೆ ಹೊಸದು ಒಗ್ಗಲು ವಾರಗಟ್ಟಲೆ ಬೇಕು, ಅಲ್ಲಿಯ ತನಕ ಮಾತು ಗೊತ್ತಾಗುವುದಿಲ್ಲ ಎಂದರು ಕಿವಿಯವರು. ಹಾಗಾದರೆ ಈ ಪ್ರೋಗ್ರಾಮನ್ನು ಬೇರೊಂದು ಕಂಪ್ಯೂಟರಿಗೆ ಹಾಕಿದರೆ ಆಗದೇ ಎಂದು ಅಕ್ಕ ಕೇಳಿದಳು. ಆಗದು. ಹೊಸದಾಗಿ ಹಾಕಿದರೆ ಅದು ಕಂಪನಿಯ ಅನುಮತಿ ಕೇಳುತ್ತದೆ, ಕೊಡಲು ಕಂಪನಿಯೇ ಇಲ್ಲ. ಅಕ್ಕ ಪೆಟ್ಟಿಗೆ ಬಿಚ್ಚಿ, ಡಿಸ್ಕಿನ ಮೇಲೆ ಅಂಗೈ ಇಟ್ಟು, ಕಿವಿ ಹತ್ತಿರ ಒಯ್ದು ಕೇಳಿದಳು. ಒಳಗೆ ಟಿಕ್ ಟಿಕ್ ಎಂದು ಯಾರೋ ಉಗುರು ಬಡಿದ ಸದ್ದು.

"ಹಾಗಾದ್ರೆ ಇದನ್ನೇ ಎಬ್ಬಿಸ್ಬೇಕು," ಎಂದಳು.

ಸೋಮವಾರ ಸಂಜೆಯಿಂದ ನಕಲು ಶುರುವಾಯಿತು. ಎರಡು ಡಿಸ್ಕುಗಳನ್ನು ಅಂಗಡಿಯ ಕಂಪ್ಯೂಟರಿಗೆ ಜೋಡಿಸಿದಳು. ಚೆನ್ನಾಗಿರುವ ಜಾಗಗಳನ್ನು ಮೊದಲು ಓದಿಕೊಂಡು, ಕೆಟ್ಟ ಜಾಗಗಳನ್ನು ಹಾರಿ ಹೋಗಿ, ಆಮೇಲೆ ಹಿಂದಕ್ಕೆ ಬಂದು ಅವನ್ನು ಮೆಲ್ಲಗೆ ಮತ್ತೆ ಮತ್ತೆ ಕೇಳುವ ಕೆಲಸ ಅದು. ಶುರುವಿನಲ್ಲಿ ಸರಸರ ಓಡುತ್ತದೆ. ಆಮೇಲೆ ನಿಂತೇ ಹೋಯಿತೇನೋ ಅನ್ನಿಸುವಷ್ಟು ನಿಧಾನ. ಫ್ಯಾನನ್ನು ಡಿಸ್ಕಿನ ಕಡೆ ತಿರುಗಿಸಿಟ್ಟು ಅಕ್ಕ ಬೆವರುತ್ತಾ ಕೂತಳು. ಮಧ್ಯೆ ಮಧ್ಯೆ ಬೇರೆ ಗಿರಾಕಿಗಳ ಕೆಲಸವನ್ನೂ ಮಾಡಿದಳು, ಏಕೆಂದರೆ ಅವರಿಗೂ ಅರ್ಜೆಂಟು, ಪ್ರಪಂಚದಲ್ಲಿ ಯಾರಿಗೂ ಸಾವಕಾಶವಾಗಿ ಕಂಪ್ಯೂಟರ್ ಕೆಟ್ಟದ್ದಿಲ್ಲ.

ಮನೆಯೊಳಗೆ ಅತ್ತೆ ಮಾತು ನಿಲ್ಲಿಸಿದ್ದರು. ತಮ್ಮ ದನಿ ತಮಗೇ ಕೇಳದಾಗ ಎಷ್ಟು ಜೋರಾಗಿ ಮಾತಾಡುತ್ತೇನೋ ಎಂಬ ಅಂಜಿಕೆ. ಅತ್ತೆ, ಸ್ವಲ್ಪ ಮೆಲ್ಲಗೆ, ಎಂದು ಇಷ್ಟು ವರ್ಷ ಗೋಗರೆದವಳು ನಾನು. ಈಗ ಪಾತ್ರೆಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲದ ಮನೆಯಲ್ಲಿ ನನಗೇ ದಿಕ್ಕು ತೋಚದಂತಾಯಿತು. ಬೇಕೆಂದೇ ಪಲ್ಯಕ್ಕೆ ಉಪ್ಪು ಹೆಚ್ಚು ಹಾಕಿದೆ, ಬೈಯಲಿ ಎಂದು. ಅತ್ತೆ ಸುಮ್ಮನೆ ತಿಂದು ತಟ್ಟೆ ತೊಳೆದಿಟ್ಟರು. ನನಗೆ ಅಳು ಬಂತು.

ಮಂಗಳವಾರ ಮಧ್ಯಾಹ್ನ ಊಟವಾದ ಮೇಲೆ ಫೋನ್ ಬಂತು. ಅತ್ತೆ ಅದನ್ನು ನೋಡಿದರು, ನನ್ನ ಕಡೆ ತಳ್ಳಿದರು. ಆ ಕಡೆ ದೊಡ್ಡಮ್ಮನ ದನಿ, ಕಾಗದ ಉಜ್ಜಿದ ಹಾಗೆ. ಅವಳಿಗೇನು ಸಿಟ್ಟೇ ಎಂದು ಕೇಳಿದರು. ನಾನು ನಡೆದದ್ದನ್ನೆಲ್ಲ ಹೇಳಿ, ಜಾಣತನ ತೋರಿಸಲು ಹೋದೆ: ನೀವು ಹೇಳುವುದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳುತ್ತೇನೆ, ಮಿಷನ್ ಸರಿಯಾದಾಗ ಅತ್ತೆ ಕೇಳಿಸಿಕೊಳ್ಳಲಿ.

"ಅವಳು ಎದುರಿಗಿಲ್ದೆ ನಾನೇನು ಹೇಳ್ಲಿ ಮಗಾ? ನಂಗೆ ಒಬ್ಳೇ ಮಾತಾಡಿ ಅಭ್ಯಾಸ ಇಲ್ಲ," ಎಂದರು ದೊಡ್ಡಮ್ಮ.

ಬುಧವಾರ ಬೆಳಿಗ್ಗೆ ನಕಲು ಮುಗಿಯಿತು. ಬಹುಪಾಲು ಬಂದಿತ್ತು. ಅಲ್ಲಲ್ಲಿ ತೂತುಗಳು ಉಳಿದಿದ್ದವು. ಹೊಸ ಡಿಸ್ಕನ್ನು ಕಿವಿಯವರ ಪೆಟ್ಟಿಗೆಗೆ ಹಾಕಿ ಆನ್ ಮಾಡಿದರೆ ಮೊದಲ ಚಿತ್ರ ಬಂತು, ನೀಲಿ ಪರದೆ ಮಿಂಚಿ ಹೋಯಿತು, ಮತ್ತೆ ಮೊದಲ ಚಿತ್ರ. ಹೀಗೆ ತಿರುಗಣಿ. ತೂತು ಬಿದ್ದದ್ದು ಕಂಪ್ಯೂಟರನ್ನು ಎಬ್ಬಿಸುವ ಸಿಸ್ಟಮ್ ಫೈಲುಗಳಲ್ಲಿ ಎಂದಳು ಅಕ್ಕ. ಅವನ್ನು ತುಂಬಲು ಅದೇ ಕಾಲದ, ಅದೇ ಸಿಸ್ಟಮ್ಮಿನ ಸೀಡಿ ಬೇಕು. ಅಷ್ಟು ಹಳೆಯದನ್ನು ಈಗ ಯಾರೂ ಇಟ್ಟುಕೊಂಡಿರುವುದಿಲ್ಲ. ಕಿವಿಯವರ ಬಳಿ ಖಾಲಿ ಡಬ್ಬಿ ಇತ್ತು, ಒಳಗಿನದು ಇರಲಿಲ್ಲ.

ಅಕ್ಕ ತನ್ನ ಹಳೆಯ ರಟ್ಟಿನ ಪೆಟ್ಟಿಗೆಯನ್ನು ಹುಡುಕಿದಳು. ಸೀಡಿಗಳು ತುಂಬಿರಬೇಕಿದ್ದ ಪೆಟ್ಟಿಗೆಯಲ್ಲಿ ಬಟ್ಟೆ ಕ್ಲಿಪ್ಪುಗಳಿದ್ದವು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಮಹಡಿಗೆ ಓಡಿದೆವು. ಪಾರಿವಾಳಗಳ ಕಾಟಕ್ಕೆ ಅತ್ತೆ ತಂತಿಯ ಉದ್ದಕ್ಕೂ ಸೀಡಿಗಳನ್ನು ದಾರ ಕಟ್ಟಿ ತೂಗುಬಿಟ್ಟಿದ್ದರು. ಹೊಳಪಿಗೆ ಪಾರಿವಾಳ ಹೆದರುತ್ತದಂತೆ. ಒಂದು ಪಾರಿವಾಳ ಅಲ್ಲೇ ಸೀಡಿಯ ಪಕ್ಕ ಕೂತು ತನ್ನ ಮುಖ ನೋಡಿಕೊಳ್ಳುತ್ತಿತ್ತು. ಒಂದೊಂದನ್ನೇ ತಿರುಗಿಸಿ, ಬಿಸಿಲಿಗೆ ಮಾಸಿದ ಅಕ್ಷರ ಓದಿ, ಕೊನೆಯ ತುದಿಯಲ್ಲಿದ್ದದ್ದನ್ನು ಅಕ್ಕ ಬಿಚ್ಚಿದಳು. ಪಾರಿವಾಳದ ಹಿಕ್ಕೆಯನ್ನು ಸೋಪು ಹಾಕಿ ತೊಳೆದು, ತನ್ನ ಹಳೆಯ ಹತ್ತಿ ಬಟ್ಟೆಯಿಂದ ಒತ್ತಿ ಒರೆಸಿದಳು. ಸೀಡಿ ಡ್ರೈವು ಅದನ್ನು ನುಂಗಿ, ಕೆಮ್ಮಿ, ಕೊನೆಗೆ ಓದಿತು. ಅಕ್ಕ ನಕ್ಕಳು. ಅವಳು ನಗುವುದನ್ನು ನೋಡಿ ಎಷ್ಟು ಕಾಲವಾಗಿತ್ತೆಂದರೆ ನನಗೆ ಸ್ವಲ್ಪ ಗಾಬರಿಯೇ ಆಯಿತು.

ರಿಪೇರಿಗೆ ಕೈಹಚ್ಚುವ ಮುಂಚೆ ಅವಳಿಗೆ ಇನ್ನೊಂದು ಚಿಂತೆ ಹೊಕ್ಕಿತು. ಕಿವಿ ಪ್ರೋಗ್ರಾಮಿನ ಅನುಮತಿಯ ಫೈಲು ಕೂಡ ಒಂದು ತೂತಿನೊಳಗೇ ಬಿದ್ದಿತ್ತು. ಸಿಸ್ಟಮ್ ಫೈಲಾದರೆ ಸೀಡಿಯಲ್ಲಿ ಸಿಗುತ್ತದೆ, ಇದು ಜಗತ್ತಿನಲ್ಲಿ ಎಲ್ಲೂ ಸಿಗುವುದಿಲ್ಲ. ಕೊನೆಯ ಬಾರಿ ಕೇಳಿ ನೋಡೋಣ ಎಂದು ಬಟ್ಟೆ ಸುತ್ತಿಟ್ಟಿದ್ದ ಹಳೆಯ ಡಿಸ್ಕನ್ನು ಡ್ರಾಯರಿನಿಂದ ತೆಗೆದು, ಕಿವಿಯವರ ಪೆಟ್ಟಿಗೆಗೇ ಹೊಸದರ ಪಕ್ಕ ಜೋಡಿಸಿದಳು. ಬಹಳ ಹೊತ್ತು ಗೊಣಗಿ, ಹಳೆಯದು ಆ ಒಂದು ಫೈಲನ್ನು ಬಿಟ್ಟುಕೊಟ್ಟಿತು. ಅದನ್ನು ಪೆನ್ ಡ್ರೈವಿಗೆ ಇಳಿಸಿಕೊಂಡು, ಹಳೆಯದರ ವೈರು ಕೀಳಲು ಕೈ ಹಾಕಿದಳು.

ಅಷ್ಟರಲ್ಲಿ ಅತ್ತೆ ಅಂಗಡಿಯ ಬಾಗಿಲಿಗೆ ಬಂದು ನಿಂತರು. ಅಂಗೈಯಲ್ಲಿ ಆ ಸತ್ತ ಮಿಷನ್. ಅದನ್ನು ಅಕ್ಕನ ಮುಂದೆ ಚಾಚಿ "ಆಯ್ತಾ?" ಎಂದರು. ದನಿ ಎಷ್ಟು ಜೋರಿತ್ತೆಂದರೆ ಬೀದಿಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು. ಅದು ಅತ್ತೆಗೆ ಗೊತ್ತಾಗಿ ಕೈಯಿಂದ ಬಾಯಿ ಮುಚ್ಚಿಕೊಂಡರು. ಅಕ್ಕ ಎದ್ದು ಹೋಗಿ, ಅವರ ಮುಷ್ಟಿ ಮಡಿಸಿ, ಇಲ್ಲ ಎಂದು ತಲೆ ಆಡಿಸಿ, ಒಳಗೆ ಕರೆದುಕೊಂಡು ಹೋಗಿ ಕೂರಿಸಿ ಬಂದಳು. ಬಂದವಳೇ ಕುರ್ಚಿಯಲ್ಲಿ ಕುಸಿದು ರಿಪೇರಿ ಶುರು ಮಾಡಿದಳು. ವೈರು ಇದ್ದಲ್ಲೇ ಇತ್ತು.

ನಕಲೆಂದರೆ ಹೆಸರು, ಗಾತ್ರ, ಒಳಗಿನ ಗುರುತು ಎಲ್ಲ ಒಂದೇ. ಎರಡೂ ಒಟ್ಟಿಗೆ ಜೋಡಿಸಿದ್ದರೆ ಕಂಪ್ಯೂಟರಿಗೂ ತಬ್ಬಿಬ್ಬು, ಪರದೆಯ ಮುಂದೆ ಕೂತವರಿಗೂ ತಬ್ಬಿಬ್ಬು. ಕಪ್ಪು ಪರದೆಯ ಮೇಲೆ ಅಕ್ಕ ಒಂದಾದ ಮೇಲೊಂದು ಆಜ್ಞೆ ಬರೆದಳು. ಫೈಲುಗಳನ್ನು ಪರೀಕ್ಷಿಸಲು ಹೇಳಿದಳು, ಕೆಟ್ಟದ್ದರ ಜಾಗಕ್ಕೆ ಸೀಡಿಯಿಂದ ಒಳ್ಳೆಯದನ್ನು ಹಾಕಲು ಹೇಳಿದಳು. ಎಲ್ಲ ಸರಿಹೋಗುತ್ತಿದೆ ಎಂದು ಪರದೆ ಹೇಳುತ್ತಿತ್ತು. ನಾನು ಟೀ ತಂದೆ. ಅವಳು ಲೋಟ ಹಿಡಿಯಲು ಕೈ ಚಾಚಿದಾಗ ಬೆರಳು ಹೊಸ ಡಿಸ್ಕಿಗೆ ತಾಗಿತು. ತಣ್ಣಗಿತ್ತು. ಅಷ್ಟು ಹೊತ್ತು ದುಡಿದ ಡಿಸ್ಕು ತಣ್ಣಗಿರಬಾರದು. ಪಕ್ಕದ ಹಳೆಯದನ್ನು ಮುಟ್ಟಿದಳು. ಕೈ ಸುಟ್ಟ ಹಾಗೆ ಹಿಂದಕ್ಕೆಳೆದುಕೊಂಡಳು.

ಅವಳು ನಿಲ್ಲಿಸುವ ಮುಂಚೆಯೇ ಹಳೆಯ ಡಿಸ್ಕು ಒಮ್ಮೆ ಕಿರ್ರೆಂದು ಎಳೆದು ನಿಂತಿತು. ಅದರ ಮೇಲೆಯೇ ಎಲ್ಲ ರಿಪೇರಿ ನಡೆದಿತ್ತು. ಮತ್ತೆ ತಿರುಗಲೇ ಇಲ್ಲ.

ನಾನು ಅವಳ ಮುಖ ನೋಡಲಿಲ್ಲ, ಟೀ ಲೋಟ ನೋಡುತ್ತಾ ನಿಂತೆ. ಹೊಸದು ಹಾಗೇ ಇದೆಯಲ್ಲ, ಅದರ ಮೇಲೆ ಮತ್ತೆ ಮಾಡಿದರಾಯಿತು ಎಂದು ಸಮಾಧಾನ ಹೇಳಲು ಹೋದೆ. ಅಕ್ಕ ಗಲ್ಲಕ್ಕೆ ಕೈ ಕೊಟ್ಟು ಕೂತಿದ್ದಳು. ಈ ನಕಲು ಕೆಟ್ಟರೆ ಇನ್ನು ಕೇಳಲು ಮೂಲವೇ ಇಲ್ಲ ಎಂದಳು. ಸಂಜೆ ಕಿವಿಯವರು ಬಂದಾಗ ನಾನು ಸುತ್ತಿ ಬಳಸಿ ಏನೋ ಶುರು ಮಾಡಿದೆ. ಅಕ್ಕ ನನ್ನನ್ನು ತಡೆದಳು.

"ವೈರು ಕೀಳೋದು ಮರೆತೆ. ನಿಮ್ಮ ಡಿಸ್ಕ್ ನನ್ನ ಕೈಲಿ ಸತ್ತೋಯ್ತು," ಎಂದಳು.

ಕಿವಿಯವರು ಬೈಯಲಿಲ್ಲ. ಅವರೂ ಅವಳಷ್ಟೇ ದಣಿದ ಮನುಷ್ಯ. ಗಿರಾಕಿಯ ಸ್ಟೂಲಿನ ಮೇಲೆ ಕೂತು ತಮ್ಮ ಕಥೆ ಹೇಳಿಕೊಂಡರು. ಆ ಹಳೆಯ ಮಿಷನ್ ಹಾಕಿಕೊಳ್ಳುವವರು ಈಗ ಬೆರಳೆಣಿಕೆಯಷ್ಟು ಮಂದಿ, ಎಲ್ಲರೂ ಮುದುಕರು. ಅವರಿಗಾಗಿಯೇ ಆ ಪೆಟ್ಟಿಗೆಯನ್ನು ಇಷ್ಟು ದಿನ ಎಳೆದುಕೊಂಡು ಬಂದಿದ್ದೆ ಎಂದರು. ಹೋಗುವಾಗ, ನಿದ್ದೆಗೆಟ್ಟು ಮಾಡಬೇಡಿ, ಮತ್ತೆ ವೈರು ಮರೆಯುತ್ತೀರಿ, ಎಂದು ಹೇಳಿ ಹೋದರು. ಅಕ್ಕ ಆ ಮಾತನ್ನು ಪಾಲಿಸಿದಳು. ಊಟ ಮಾಡಿ ಮಲಗಿಬಿಟ್ಟಳು. ನಾನು ಅವಳಿಗೆ ಬೇಕಾದದ್ದು ಏನೆಂದು ಯೋಚಿಸಿ, ಏನೂ ಹೊಳೆಯದೆ, ಕಾಲು ಒತ್ತಿದೆ. ಬೇಡ ಎನ್ನಲಿಲ್ಲ.

ಗುರುವಾರ ಬೆಳಗಾಗುತ್ತಲೇ ಷಟರ್ ಎತ್ತಿದ ಸದ್ದು ಕೇಳಿತು. ಅಕ್ಕ ಮೊದಲು ಆ ನಕಲಿನದೇ ಇನ್ನೊಂದು ನಕಲು ಮಾಡಿದಳು. ಚೆನ್ನಾಗಿರುವ ಡಿಸ್ಕಾದ್ದರಿಂದ ಬೇಗ ಆಯಿತು. ಆಮೇಲೆ ಒಂದನ್ನು ಕಿತ್ತು ನನ್ನ ಕೈಗೆ ಕೊಟ್ಟು, ಒಳಗಿನ ಬೀರುವಿನಲ್ಲಿಟ್ಟು ಬೀಗ ಹಾಕು, ನಾನು ಕೇಳಿದರೂ ಕೊಡಬೇಡ, ಎಂದಳು. ಪೆಟ್ಟಿಗೆಯಲ್ಲಿ ಒಂದೇ ಡಿಸ್ಕು, ಒಂದೇ ವೈರು. ಆವತ್ತು ಬಂದ ಗಿರಾಕಿಗಳನ್ನೆಲ್ಲ ನಾನು ಬಾಗಿಲಲ್ಲೇ ವಾಪಸ್ ಕಳಿಸಿದೆ. ಒಬ್ಬಾತ ತನ್ನದು ಬಹಳ ಮುಖ್ಯದ ಕೆಲಸ ಎಂದು ಹಟ ಹಿಡಿದಾಗ, ಅತ್ತೆಯಿಂದ ಕಲಿತ ದನಿಯಲ್ಲಿ ಉತ್ತರ ಕೊಟ್ಟೆ.

ಮತ್ತೆ ಕಪ್ಪು ಪರದೆ, ಮತ್ತೆ ಅದೇ ಆಜ್ಞೆಗಳು. ತೊಳೆದ ಸೀಡಿ ನಡುನಡುವೆ ತಡವರಿಸಿತು. ಮೊದಲ ಸಲ ಆನ್ ಮಾಡಿದಾಗ ಮತ್ತೆ ನೀಲಿ ಪರದೆ ಮಿಂಚಿ ಹೋಯಿತು. ಅಕ್ಕ ಅದು ಮಿಂಚುವ ಹೊತ್ತಿಗೆ ಸರಿಯಾಗಿ ಮೊಬೈಲಿನಲ್ಲಿ ಫೋಟೋ ಹಿಡಿದು, ದೊಡ್ಡದು ಮಾಡಿ ಓದಿ, ಇನ್ನೂ ಒಂದು ಫೈಲು ಹುಡುಕಿ ಹಾಕಿದಳು. ಸಿಸ್ಟಮ್ ತಾನೇ ಎಂದೋ ಎತ್ತಿಟ್ಟುಕೊಂಡಿದ್ದ ತನ್ನ ಹಳೆಯ ಹೊಂದಾಣಿಕೆಗಳನ್ನು ಹೊರಗೆ ತೆಗೆದು ಕೆಟ್ಟವುಗಳ ಜಾಗಕ್ಕೆ ಕೂರಿಸಿದಳು. ಊಟದ ಹೊತ್ತು ದಾಟಿತು. ಎರಡನೆಯ ಸಲ ಮೊದಲ ಚಿತ್ರ ಬಂತು, ನಿಂತಿತು, ನಿಂತೇ ಇತ್ತು. ಆಮೇಲೆ ಮೆಲ್ಲಗೆ ಕಿವಿಯವರ ಪರದೆ ತೆರೆದುಕೊಂಡಿತು. ಅವರ ಮೊಮ್ಮಗಳ ಫೋಟೋ, ಅದರ ಮೇಲೆಲ್ಲ ಹರಡಿದ ಗುರುತುಗಳು. ನಾನು ಅಕ್ಕನ ಭುಜ ಹಿಡಿದುಕೊಂಡೆ. ಅವಳು ನನ್ನ ಕೈ ಸರಿಸಿ, ಪೆನ್ ಡ್ರೈವಿನಿಂದ ಆ ಒಂದು ಫೈಲನ್ನು ಅದರ ಜಾಗಕ್ಕೆ ಹಾಕಿದಳು. ಕಿವಿ ಪ್ರೋಗ್ರಾಮ್ ತಕರಾರಿಲ್ಲದೆ ತೆರೆಯಿತು.

ಕಿವಿಯವರು ಓಡೋಡಿ ಬಂದರು. ವೈರು ಚುಚ್ಚಿ, ಅತ್ತೆಯ ಹಳೆಯ ಹೊಂದಾಣಿಕೆ ಹುಡುಕಿ ತೆಗೆದರು. ಏರಿಸುವ ಗೋಜಿಗೆ ಹೋಗಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಬರೆದರು. ಹಸಿರು ಪಟ್ಟಿ ತುಂಬುವ ತನಕ ನಾಲ್ಕು ಮಂದಿಯೂ ಅಲುಗಾಡಲಿಲ್ಲ. ಅತ್ತೆ ಮಿಷನ್ನನ್ನು ಕಿವಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. ಫ್ಯಾನು ಬಹಳ ಸದ್ದು ಮಾಡುತ್ತದೆ, ಯಾರೂ ಎಣ್ಣೆ ಬಿಡಲಿಲ್ಲವೇ, ಎಂದರು. ಅದು ನನಗೆ ಬಿದ್ದ ಬೈಗುಳ. ಆ ವಾರದಲ್ಲಿ ನಾನು ಕೇಳಿದ ಅತ್ಯಂತ ಒಳ್ಳೆಯ ಮಾತು ಅದೇ.

ಫೋನನ್ನು ಕೋಣೆಗೆ ಒಯ್ಯುವಷ್ಟು ತಾಳ್ಮೆಯೂ ಅತ್ತೆಗೆ ಇರಲಿಲ್ಲ. ಅಂಗಡಿಯ ಮೇಜಿನ ಮೇಲೆ, ಬಿಚ್ಚಿದ ಪೆಟ್ಟಿಗೆಗಳ ನಡುವೆಯೇ ಇಟ್ಟು ಸ್ಪೀಕರ್ ಒತ್ತಿ ಕರೆ ಮಾಡಿದರು. ಕಿವಿಯವರು ಸೂಕ್ಷ್ಮದವರು, ಬೀದಿಗೆ ಹೋಗಿ ನಿಂತರು. ನಾನು ಅಳಲು ಸಿದ್ಧಳಾಗಿಯೇ ಕೂತಿದ್ದೆ. ಅಕ್ಕತಂಗಿಯರ ಕೊನೆಯ ಮಾತುಕತೆ, ಏನೇನು ಹೊರಗೆ ಬರುತ್ತದೋ ಎಂದು.

ಅತ್ತೆ ಪಾರಿವಾಳದಿಂದ ಶುರು ಮಾಡಿದರು. ಸೀಡಿಗೂ ಹೆದರದ ಪಾರಿವಾಳ, ಹೊಸ ಮಿಷನ್ನಿನ ಡಬ್ಬದ ದನಿ, ಪಲ್ಯಕ್ಕೆ ಉಪ್ಪು ಸುರಿದ ಚಿಕ್ಕ ಸೊಸೆ, ತಿಂದೂ ತಿನ್ನದ ದೊಡ್ಡ ಸೊಸೆ, ಸೊಂಟ, ಮಂಡಿ, ಎದುರು ಮನೆಯವರ ನಾಯಿ. ಉಸಿರು ತೆಗೆದುಕೊಳ್ಳಲು ನಿಂತಾಗಲೆಲ್ಲ ಆ ಕಡೆಯಿಂದ ಒಂದು ಹೂಂ. ಒಮ್ಮೆ ಚಿಕ್ಕದು, ಒಮ್ಮೆ ಎಳೆದದ್ದು, ಒಮ್ಮೆ ಹೌದಾ ಎನ್ನುವ ಹಾಗೆ ಮೇಲೇರಿದ್ದು. ಒಡೆದ ಗಂಟಲಿನಿಂದ ಉಜ್ಜಿಕೊಂಡು ಬರುವ ಹೂಂ. ದೊಡ್ಡಮ್ಮ ಅದು ಬಿಟ್ಟು ಹೆಚ್ಚೇನೂ ಹೇಳಲಿಲ್ಲ. ನಾಳೆಯ ಮಾತನ್ನು ಇಬ್ಬರೂ ಎತ್ತಲಿಲ್ಲ. ಕೊನೆಗೆ ಅತ್ತೆ ಇಡ್ಲಾ ಎಂದರು. ಹೂಂ ಎಂದರು ದೊಡ್ಡಮ್ಮ.

ಇಷ್ಟೆಲ್ಲ ಒದ್ದಾಡಿದ್ದು ಒಂದು ಹೂಂ ಕೇಳುವುದಕ್ಕಾ ಎಂದು ನನಗೆ ಅನ್ನಿಸಿದ್ದು ನಿಜ. ಮದುವೆಯಾಗಿ ಬಂದಾಗಿನಿಂದ ಅತ್ತೆಯ ಮಾತಿಗೆ ನಾನು ಒಂದು ದಿನವೂ ಹೂಂ ಅಂದವಳಲ್ಲ. ಆಯ್ತು ಅತ್ತೆ, ಎಂದು ಅರ್ಧಕ್ಕೇ ಕತ್ತರಿಸಿ ಎದ್ದು ಹೋದವಳು. ಅಕ್ಕನಂತೂ ಅಷ್ಟೂ ಹೇಳಿದವಳಲ್ಲ.

ಶುಕ್ರವಾರದ ಆಪರೇಷನ್ ಸುಸೂತ್ರವಾಗಿ ಆಯಿತು. ದೊಡ್ಡಮ್ಮ ಬದುಕಿದರು. ಮಗನ ಫೋನಿನಿಂದ ಸುದ್ದಿ ಬರುತ್ತಿತ್ತು: ಎದ್ದು ಕೂತರು, ನೀರು ಕುಡಿದರು, ಮನೆಗೆ ಬಂದರು. ಅತ್ತೆ ಅದನ್ನೆಲ್ಲ ಕೇಳಿಸಿಕೊಂಡು ಫೋನ್ ಇಟ್ಟುಬಿಡುತ್ತಿದ್ದರು. ಮಧ್ಯಾಹ್ನ ಊಟವಾದ ಮೇಲೆ ಕೋಣೆಯ ಬಾಗಿಲು ಹಾಕಿಕೊಳ್ಳುವುದು ನಿಂತಿತು. ಬಂದು ಅಂಗಡಿಯ ಸ್ಟೂಲಿನ ಮೇಲೆ ಕೂತು ಬೀದಿ ನೋಡುವುದು ಶುರುವಾಯಿತು.

ಹಾಗೆ ಕೂತಿದ್ದ ಒಂದು ಮಧ್ಯಾಹ್ನ ಫೋನ್ ಬಂತು. ದೊಡ್ಡಮ್ಮನ ಮಗ. ಅಮ್ಮನಿಗೆ ನಿಮ್ಮ ದನಿ ಕೇಳಬೇಕಂತೆ, ಸನ್ನೆ ಮಾಡಿ ಹಟ ಹಿಡಿದಿದ್ದಾರೆ, ಮಾತಾಡಿ ಚಿಕ್ಕಮ್ಮ, ಎಂದ. ಅತ್ತೆ ಸ್ಪೀಕರ್ ಒತ್ತಿ ಫೋನನ್ನು ಮೇಜಿನ ಮೇಲಿಟ್ಟರು. ಸೆರಗಿನ ತುದಿ ತಿರುವಿದರು. ಕೊನೆಗೆ, ಎದುರು ಮನೆಯವರ ನಾಯಿ ಮರಿ ಹಾಕಿದೆ ಎಂದರು. ಹೇಳಿ ನಿಲ್ಲಿಸಿದರು.

ಆ ಕಡೆಯಿಂದ ಉಸಿರಿನ ಸದ್ದು ಬಿಟ್ಟರೆ ಏನೂ ಇಲ್ಲ. ಅತ್ತೆ ಕಾದರು. ಕಿವಿಯ ಮಿಷನ್ನನ್ನು ಬೆರಳಿನಿಂದ ಒತ್ತಿಕೊಂಡರು, ಅದು ಕೆಟ್ಟಿದೆಯೇನೋ ಎನ್ನುವ ಹಾಗೆ. ಅವರ ಮುಖ ನೋಡಲಾಗದೆ ನಾನು ಬೀದಿಯ ಕಡೆ ತಿರುಗಿದೆ. ಮುಂದಿನ ಮಾತು ಅವರಿಂದ ಹೊರಡುವುದಿಲ್ಲ ಎಂದು ನನಗೆ ಗೊತ್ತಾಯಿತು.

"ಹೂಂ," ಎಂದಳು ಅಕ್ಕ.

ಯಾರದೋ ಲ್ಯಾಪ್‌ಟಾಪಿನ ಮೇಲೆ ಬಗ್ಗಿದ್ದಳು, ತಲೆಯನ್ನೂ ಎತ್ತಿರಲಿಲ್ಲ. ಅತ್ತೆ ಅವಳ ಕಡೆ ನೋಡಿದರು. ಆಮೇಲೆ ಫೋನಿನ ಕಡೆ ತಿರುಗಿ, ನಾಲ್ಕು ಮರಿ, ಒಂದು ಇನ್ನೂ ಕಣ್ಣೇ ಬಿಟ್ಟಿಲ್ಲ, ಎಂದರು.

"ಹೂಂ."

ಅತ್ತೆಯ ದನಿ ಏರಿತು. ಮರಿಗಳ ಬಣ್ಣ ಹೇಳಿದರು, ಎದುರು ಮನೆಯವರ ಜಿಪುಣತನ ಹೇಳಿದರು. ಅಮ್ಮ ತಲೆ ಆಡಿಸುತ್ತಿದ್ದಾರೆ ಎಂದು ಮಗ ನಡುವೆ ಮೆಲ್ಲಗೆ ಹೇಳಿದ. ಅತ್ತೆ ಉಸಿರಿಗೆ ನಿಂತಲ್ಲೆಲ್ಲ ಅಕ್ಕ ಹೂಂ ಅಂದಳು. ಅವಳ ಕಣ್ಣ ಕೆಳಗೆ ಎಂದಿನ ಕಪ್ಪು, ಮುಂದೆ ಸಂಜೆಯೊಳಗೆ ಮುಗಿಸಬೇಕಾದ ಕೆಲಸದ ರಾಶಿ. ಸ್ವಲ್ಪ ಹೊತ್ತಿನ ನಂತರ ಸ್ಕ್ರೂಡ್ರೈವರ್ ಕೆಳಗಿಟ್ಟು, ಕುರ್ಚಿಯನ್ನು ಅತ್ತೆಯ ಕಡೆ ತಿರುಗಿಸಿಕೊಂಡು ಕೂತಳು.